ಇಟ್ಟಿಗೆಗೆಂಪು, ಕಂದು

ಕುಂಚದ ತುದಿಯಿಂದ ಇನ್ನೊಂದು ನೊಣವನ್ನು ಬಲಕ್ಕೆ ಸರಿಸಿ, ಸರಿಸಿದ ಮೇಲೆ ಅನುಮಾನ ಬಂದು, ಅವಳು ಕೈಯನ್ನು ಹಾಗೆಯೇ ನಿಲ್ಲಿಸಿದಳು. ಬಲಕ್ಕೆ ಕಂದು ಕಣ್ಣಿನವು, ಎಡಕ್ಕೆ ಇಟ್ಟಿಗೆಗೆಂಪು ಕಣ್ಣಿನವು. ಬಿಳಿ ಟೈಲಿನ ನಡುವೆ ಈಥರಿನ ಮತ್ತಿನಲ್ಲಿ ಅಂಗಾತ ಬಿದ್ದ ಹಣ್ಣಿನ ನೊಣಗಳು ಇನ್ನೂ ಒಂದು ಚಿಟಿಕೆಯಷ್ಟು ಉಳಿದಿದ್ದವು. ಮೊದಲೆಲ್ಲ ಇದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನಡೆದುಹೋಗುತ್ತಿತ್ತು. ಬಾಯಿ ಯಾರೊಡನೆಯೋ ಮಾತಾಡುತ್ತಿರುವಾಗ ಕೈ ತನ್ನ ಪಾಡಿಗೆ ತಾನು ಆಚೆಗೊಂದು ಈಚೆಗೊಂದು ತಳ್ಳುತ್ತಿತ್ತು. ಈಗ ಮೈಕ್ರೋಸ್ಕೋಪಿನ ಎರಡು ಕೊಳವೆಗಳಲ್ಲಿ ಒಂದಕ್ಕೆ ಮಾತ್ರ ಕಣ್ಣಿಟ್ಟಳು. ಎಡಗಣ್ಣಿಗೆ ಟೈಲು ಸುಮಾರಾಗಿ ಬಿಳಿಯಾಗಿಯೇ ಇತ್ತು. ಬಲಗಣ್ಣಿಗೆ ಬಂದಾಗ ಅದೇ ಟೈಲು ಬಹಳ ದಿನ ಪೆಟ್ಟಿಗೆಯಲ್ಲಿಟ್ಟ ಕಾಗದದ ಹಾಗೆ ಹಳದಿಗಟ್ಟಿತು, ನೊಣಗಳ ಕಣ್ಣುಗಳೆಲ್ಲ ಒಂದೇ ತಾಯಿ ಮಕ್ಕಳ ಹಾಗೆ ಕಂಡವು. ಬಲಕ್ಕೆ ತಳ್ಳಿದ್ದನ್ನು ಎಡಕ್ಕೆ ತಂದಳು. ಮತ್ತೆ ಬಲಕ್ಕೆ. ಅಷ್ಟರಲ್ಲಿ ಅದರ ಕಾಲೊಂದು ನಡುಗಿತು, ಪಕ್ಕದ್ದರದ್ದೂ ನಡುಗಿತು. ತಡಮಾಡಿದರೆ ನೊಣಗಳಿಗೆ ಎಚ್ಚರವಾಗುತ್ತದೆ ಎಂದು ಹೊಸ ಹುಡುಗರಿಗೆ ಬೈದು ಹೇಳುತ್ತಿದ್ದವಳು ಅವಳೇ. ಟೈಲನ್ನೆತ್ತಿ ಎಲ್ಲವನ್ನೂ ಮೇಜಿನ ಮೂಲೆಯಲ್ಲಿದ್ದ ಸ್ಪಿರಿಟ್ ಬಾಟಲಿಗೆ ಕೊಡವಿಬಿಟ್ಟಳು. ಹುಡುಗರು ಆ ಬಾಟಲಿಗೆ ಸ್ಮಶಾನ ಎಂದು ಹೆಸರಿಟ್ಟಿದ್ದರು. ಅದರೊಳಗೆ ಬಿದ್ದ ನೊಣದ ಕಣ್ಣು ಕೆಲವು ದಿನಗಳಲ್ಲಿ ಬಣ್ಣ ಬಿಟ್ಟುಕೊಳ್ಳುತ್ತದೆ. ಆಮೇಲೆ ಯಾವುದು ಕೆಂಪಿತ್ತು, ಯಾವುದು ಕಂದಿತ್ತು ಎಂದು ಯಾರು ಬಂದು ಕೇಳಿದರೂ ಅದು ಬಾಯಿ ಬಿಡುವುದಿಲ್ಲ.

ಮನೆಯಲ್ಲಿ ಇದು ಗೊತ್ತಾದದ್ದು ಪರದೆಯಿಂದ. ಕಿಟಕಿಯ ಕೆಂಪು ಪರದೆಯ ಅಂಚು ಬಿಚ್ಚಿಹೋಗಿತ್ತೆಂದು ಅವಳೇ ಕೂತು ಹೊಲಿದಿದ್ದಳು. ಜೊತೆಯಲ್ಲೇ ಇರುವ ಅಕ್ಕ ಅದನ್ನು ಬೆಳಕಿಗೆ ಹಿಡಿದು, "ಏನೇ ಇದು, ಕೆಂಪು ಬಟ್ಟೆಗೆ ಕಂದು ದಾರ? ನಿಮ್ಮ ಯೂನಿವರ್ಸಿಟೀಲಿ ಹೊಸ ಫ್ಯಾಷನ್ನಾ?" ಎಂದಳು. ಊಟಕ್ಕೆ ಕೂತಿದ್ದ ಗಂಡ ನಗಲಿಲ್ಲ. ಕನ್ನಡಕದ ಅಂಗಡಿಯವನು. ಕೈ ತೊಳೆದು ಬಂದು ಅವಳ ಗದ್ದ ಎತ್ತಿ, ಗಿರಾಕಿಯ ಮುಖವೋ ಎಂಬಂತೆ ಆಚೆ ಈಚೆ ತಿರುಗಿಸಿ, ಸಣ್ಣ ಟಾರ್ಚು ಬಿಟ್ಟು ನೋಡಿದ. "ಪೊರೆ ಬಂದಿದೆ. ಬಲಗಣ್ಣಿಗೆ ಚೆನ್ನಾಗೇ ಬಂದಿದೆ, ಎಡಗಣ್ಣಿಗೂ ಶುರುವಾಗಿದೆ. ಎಷ್ಟು ದಿನದಿಂದ ಹೀಗೆ?" ಅವಳು, "ಏನು ಎಷ್ಟು ದಿನದಿಂದ?" ಎಂದಳು. "ಬಣ್ಣ ಕಾಣೋದು ಕಣೇ. ಪೊರೆ ಹಳದಿ ತಿರುಗಿದ್ರೆ ಕೆಂಪು, ಕಂದು ಎಲ್ಲ ಒಂದೇ ಆಗೋಗುತ್ತೆ. ಊರವರ ಕಣ್ಣೆಲ್ಲ ನೋಡ್ತೀನಿ, ಮನೆಯವಳ ಕಣ್ಣು ನೋಡ್ಲಿಲ್ಲ ನಾನು." ಅವನ ದನಿಯಲ್ಲಿ ನಾಚಿಕೆಯಿತ್ತು. ಅವಳಿಗೆ ಆ ಗಳಿಗೆಯಲ್ಲಿ ಮೊದಲು ಹೊಳೆದದ್ದು ವಿಭಾಗದಲ್ಲಿ ತಾನು ಎಲ್ಲರೆದುರು ನೊಣ ಬೇರ್ಪಡಿಸುವ ಕಣ್ಣಿನ ಆಟ, ಅಲ್ಲಿ ತನಗಾಗಬಹುದಾದ ಅವಮಾನ. ಹುಡುಗಿಯ ನೊಣಗಳು ಹೊಳೆದದ್ದು ಆಮೇಲೆ, ತಟ್ಟೆ ತೊಳೆಯುವಾಗ. ಯಾವುದು ಮೊದಲು ಹೊಳೆಯಿತು ಎಂಬುದನ್ನು ಅವಳು ತನಗೆ ತಾನೇ ಮರೆಯಗೊಡಲಿಲ್ಲ.

ಹುಡುಗಿ ಅವಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಮಗು ಹುಟ್ಟಿದಾಗಿನಿಂದ ಇಡೀ ವಿಭಾಗ ಅವಳನ್ನು ಬಾಣಂತಿ ಎಂದೇ ಕರೆಯುತ್ತಿತ್ತು. ಮಗು ತಪ್ಪುಹೆಜ್ಜೆ ಹಾಕಿ ನಡೆಯತೊಡಗಿದರೂ ಹೆಸರು ಹೋಗಿರಲಿಲ್ಲ. ಹೆರಿಗೆಯ ಹೊತ್ತಿಗೆ ಸರಿಯಾಗಿ ಒಂದು ಇಡೀ ಪೀಳಿಗೆಯ ನೊಣಗಳು ಗೂಡೊಡೆದು ಬರತೊಡಗಿದ್ದವು. ನೊಣಗಳಿಗೆ ಹೆರಿಗೆ ರಜೆಯ ಲೆಕ್ಕ ಗೊತ್ತಿಲ್ಲ. ಅಂದಂದೇ ಬೇರ್ಪಡಿಸದಿದ್ದರೆ ಕೂಡಿಕೊಂಡು ಮೊಟ್ಟೆಯಿಟ್ಟು ಎಲ್ಲ ಕಲಸಿಹೋಗುತ್ತದೆ. "ನೀನು ಮಲಕೋ, ನಾನಿದೀನಲ್ಲ," ಎಂದು ಅವಳೇ ಕೂತಳು. ಮಾರ್ಗದರ್ಶಕಿ ವಿದ್ಯಾರ್ಥಿಯ ಕೆಲಸಕ್ಕೆ ಕೈ ಹಾಕಬಾರದು, ಎಣಿಕೆ ಅವರವರದ್ದೇ ಆಗಿರಬೇಕು ಎಂಬುದು ನಿಯಮ. ಅದನ್ನು ಪಾಲಿಸಿದವರು ಯಾರಿದ್ದಾರೆ ಎಂದುಕೊಂಡಳು. ಸಂಜೆ ಫೋನಿನಲ್ಲಿ ಸಂಖ್ಯೆ ಹೇಳುತ್ತಿದ್ದಳು. ಆ ಕಡೆ ಮಗು ಮೊಲೆ ಚೀಪುವ ಸದ್ದು ಕೇಳುತ್ತಿತ್ತು. ಒಂದು ಸಂಜೆ ಹುಡುಗಿ, "ಕಂದು ಇಷ್ಟೊಂದಾ ಮೇಡಂ?" ಎಂದಿದ್ದಳು. ನಾಲ್ಕರಲ್ಲಿ ಒಂದು ಬರಬೇಕಾದದ್ದು ಅರ್ಧಕ್ಕೆ ಅರ್ಧ ಬಂದಿತ್ತು. ಅವಳು ನಕ್ಕು, "ಯಾಕೆ, ನನ್ನ ಕಣ್ಣಿನ ಮೇಲೇ ಅನುಮಾನವಾ?" ಎಂದಳು. ಹುಡುಗಿಯೂ ನಕ್ಕು ಬರೆದುಕೊಂಡಿದ್ದಳು. ಆ ನಗು ಅವಳಿಗೆ ಈಗಲೂ ಕೇಳಿಸುತ್ತದೆ, ಬಚ್ಚಲಲ್ಲಿ, ಬಸ್ಸಿನಲ್ಲಿ, ಮೆಟ್ಟಿಲು ಹತ್ತುವಾಗ. ತನ್ನದೋ ಹುಡುಗಿಯದೋ, ಅದು ಮಾತ್ರ ತಿಳಿಯುವುದಿಲ್ಲ.

ಬಾಗಿಲು ತಟ್ಟಿ ಅಟೆಂಡರ್ ತಲೆ ಹಾಕಿದ. "ಮೇಡಂ, ಎಲ್ಲ ಬಂದು ಕೂತಿದಾರೆ. ಟೀನೂ ತಣ್ಣಗಾಯ್ತು."

ಸಭೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಬೀರುಗಳೊಳಗೆ ಭರಣಿಗಳು, ಭರಣಿಗಳೊಳಗೆ ಮಾಸಿದ ಮೀನು, ಸುತ್ತಿಕೊಂಡ ಹಾವು, ಹುಟ್ಟದೇ ಉಳಿದ ಮೊಲದ ಮರಿ. ವಿಭಾಗದ ಮುಖ್ಯಸ್ಥರು ಮೇಜಿನ ತಲೆಯಲ್ಲಿದ್ದರು. ಬದುಕೆಲ್ಲ ಕಪ್ಪೆಯ ಚರ್ಮದ ಮೇಲೆ ಕೆಲಸ ಮಾಡಿದವರು, ಹುಡುಗರ ಬಾಯಲ್ಲಿ ಕಪ್ಪೆ ಮೇಷ್ಟ್ರು. ಅವರ ಪಕ್ಕದಲ್ಲಿ ಹುಡುಗಿಯ ಪ್ರಬಂಧ ನೋಡಲು ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು, ತೆಳ್ಳಗಿನ ಮನುಷ್ಯ, ಬಿಸ್ಕತ್ತನ್ನು ಅರ್ಧ ತಿಂದು ಉಳಿದರ್ಧವನ್ನು ತಟ್ಟೆಯ ಅಂಚಿಗೆ ನೆಟ್ಟಗೆ ಒರಗಿಸಿಟ್ಟಿದ್ದರು. ಹುಡುಗಿ ನಿಂತೇ ಇದ್ದಳು. ಅವಳ ರವಿಕೆಯ ಹೆಗಲ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಒಣಗಿತ್ತು. ಅದನ್ನು ಯಾರೂ ನೋಡದಿರಲಿ ಎಂದು ಇವಳು ಹಾರೈಸಿದಳು, ಹಾರೈಸುತ್ತ ತಾನೇ ಅದನ್ನು ನೋಡುತ್ತಿದ್ದಳು.

"ಉಳಿದದ್ದೆಲ್ಲ ಒಳ್ಳೇ ಕೆಲಸ ಕಣಮ್ಮ," ಎಂದರು ಪರೀಕ್ಷಕರು. "ಈ ಒಂದು ಭಾಗ ಮಾತ್ರ ಹೊಂದಲ್ಲ. ಎಲ್ಲಾ ಕಡೆ ಕಂದು ನಾಲ್ಕಕ್ಕೊಂದು, ಇಲ್ಲಿ ಅರ್ಧ. ಹೇಗೆ?"

ಹುಡುಗಿ ತಲೆ ತಗ್ಗಿಸಿದಳು.

"ಆಗಷ್ಟೇ ಹೆತ್ತಿದ್ಲು ಸರ್," ಎಂದರು ಮುಖ್ಯಸ್ಥರು. "ನಿದ್ದೆಗೆಟ್ಟು ಬಂದು ಕೂತಿರ್ತಾಳೆ. ನೊಣ ಯಾವುದು, ಮಗು ಯಾವುದು ಅಂತ ಗೊತ್ತಾಗಿರಲ್ಲ." ತಮ್ಮ ಮಾತಿಗೆ ತಾವೇ ನಕ್ಕರು. ಯಾರೋ ಇನ್ನೊಬ್ಬರೂ ನಕ್ಕರು.

ಪರೀಕ್ಷಕರು ನಗಲಿಲ್ಲ. "ನಿದ್ದೆಗೆಟ್ಟು ಎಣಿಸಿದ್ರೆ ಅದು ಅಜಾಗ್ರತೆ. ಎಣಿಸ್ದೇ ಬರೆದಿದ್ರೆ ಅದಕ್ಕೆ ಬೇರೆ ಹೆಸರಿದೆ. ಎರಡರಲ್ಲಿ ಯಾವುದಾದ್ರೂ, ಅದೇ ಕೈ ಎಣಿಸಿದ ಉಳಿದ ಭಾಗಾನ ನಾನು ಹೇಗೆ ನಂಬ್ಲಿ? ಎಲ್ಲ ಮೊದಲಿಂದ ಮಾಡ್ಬೇಕಾಗುತ್ತೆ."

ಮೊದಲಿನಿಂದ ಎಂದರೆ ಹುಡುಗಿಯ ಪಾಲಿಗೆ ಏನೆಂದು ಇವಳಿಗೆ ಗೊತ್ತಿತ್ತು. ಅವಳ ಅತ್ತೆ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದು ಈ ವರ್ಷದ ಮಟ್ಟಿಗೆ. ಗಂಡ ದೂರದ ಊರಿಗೆ ವರ್ಗವಾಗಿ ಆಗಲೇ ಹೋಗಿದ್ದ. ಇನ್ನೊಂದು ಸಲ ನೊಣ, ನೊಣ ಎಂದರೆ ಮನೆಯಲ್ಲಿ ಹೊಸಲು ದಾಟಗೊಡುವುದಿಲ್ಲ ಎಂದು ಹುಡುಗಿ ನಗುತ್ತಲೇ ಹೇಳಿದ್ದಳು. ಮೊದಲಿನಿಂದ ಎಂದರೆ ಇಲ್ಲಿಗೇ ಮುಗಿಯಿತು ಎಂದರ್ಥ.

"ಆ ಭಾಗ ಬೇರ್ಪಡಿಸಿದ್ದು ನಾನು ಸರ್," ಎಂದಳು. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಮಾತು. ಅಂದುಕೊಂಡದ್ದಕ್ಕಿಂತ ಸಣ್ಣ ದನಿಯಲ್ಲಿ ಬಂತು.

ಪರೀಕ್ಷಕರು ಪ್ರಬಂಧದಿಂದ ತಲೆಯೆತ್ತಿದರು. ಆಮೇಲೆ ಮುಖ್ಯಸ್ಥರ ಮುಖ ಅರಳಿತು. ಕಾದು ಕೂತಿದ್ದ ಅತಿಥಿ ಬಂದ ಹಾಗೆ. "ನೋಡಿದ್ರಾ ಸರ್? ನಾನು ಬೆಳಿಗ್ಗೆ ಹೇಳಿದ್ನಲ್ಲ, ನಮ್ಮ ಮೇಡಂ ಹುಡುಗರಿಗಾಗಿ ಏನು ಬೇಕಾದ್ರೂ ತಲೆ ಮೇಲೆ ಹಾಕ್ಕೋತಾರೆ. ಅಲ್ಲ ಮೇಡಂ, ನೀವೇ ಬೇರ್ಪಡಿಸಿದ್ರೆ ಈ ತಪ್ಪು ಆಗ್ತಿತ್ತಾ? ತಪ್ಪಾಗಿದೆ ಅಂದ್ಮೇಲೆ ಅದು ನಿಮ್ಮ ಕೈ ಅಲ್ಲ. ಇಷ್ಟು ವರ್ಷದಿಂದ ನೋಡ್ತಿಲ್ವಾ ನಾವು?"

"ನನ್ನ ಕಣ್ಣಿಗೆ ಪೊರೆ ಬಂದಿದೆ ಸರ್."

"ನಮ್ಮ ವಯಸ್ಸಲ್ಲಿ ಯಾರಿಗೆ ಬಂದಿಲ್ಲ ಹೇಳಿ. ನನಗೂ ಬಂದಿದೆ. ಕಪ್ಪೆ ಕಾಣ್ಸುತ್ತಲ್ಲ, ಸಾಕು." ಮತ್ತೆ ನಗು. "ಸರ್, ನಾಳೆ ಮಧ್ಯಾಹ್ನ ಹೇಗೂ ಇರ್ತೀರಿ. ಹೊಸ ಹುಡುಗರು ಬರೋ ದಿನ, ನಮ್ಮಲ್ಲೊಂದು ಪದ್ಧತಿ ಇದೆ, ಕಣ್ಣಿನ ಆಟ ಅಂತ. ಎರಡು ಬಣ್ಣದ ನೊಣ ಬೆರೆಸಿ ಕೊಡೋದು, ಮೇಡಂ ಎಲ್ಲರೆದುರಿಗೆ ಬೇರ್ಪಡಿಸೋದು, ಹುಡುಗರು ತಪ್ಪು ಹುಡುಕೋದು. ಇದುವರೆಗೂ ಒಂದು ತಪ್ಪು ಸಿಕ್ಕಿಲ್ಲ. ಈ ಸಲ ದೊಡ್ಡ ಪರದೆ ಮೇಲೂ ಕಾಣೋ ಹಾಗೆ ಮಾಡಿಸಿದೀನಿ. ನೀವೇ ನೋಡಿ."

ಪರೀಕ್ಷಕರು ಇವಳನ್ನೇ ನೋಡುತ್ತಿದ್ದರು. "ಬೇರೆಯವರ ಕೈ ತಪ್ಪಿದ್ದು ಅಂತ ಖಾತ್ರಿಯಾದ್ರೆ ಆ ಭಾಗ ಒಂದನ್ನ ತೆಗೆದು ಉಳಿದದ್ದು ಒಪ್ಪಬಹುದು. ನಿಯಮ ಮುರಿದ ಮಾತು ಆಮೇಲೆ, ಅದು ಮಾರ್ಗದರ್ಶಕರ ತಲೆಗೆ." ಹುಡುಗಿಯ ಕಡೆ ತಿರುಗಿದರು. "ಮೇಡಂ ಬೇರ್ಪಡಿಸಿದ್ದು ನಿಜಾನಾ?"

"ಇಲ್ಲ ಸರ್," ಎಂದಳು ಹುಡುಗಿ, ಮೇಜಿನ ಕಡೆ ನೋಡುತ್ತ. "ನಾನೇ."

"ಸರಿ. ನಾಳೆ ಸಂಜೆ ಹೊರಡೋಕ್ಕೆ ಮುಂಚೆ ವರದಿ ಬರೆದುಕೊಡ್ತೀನಿ."

ಅಷ್ಟೇ. ಕುರ್ಚಿಗಳು ಸರಿದವು. ಬಾಗಿಲ ಬಳಿ ಮುಖ್ಯಸ್ಥರು ಅವಳ ಹತ್ತಿರ ಬಂದು, "ನಿಮ್ಮಂಥೋರು ಇರೋದ್ರಿಂದ ವಿಭಾಗಕ್ಕೆ ಹೆಸರು ಮೇಡಂ," ಎಂದು ಮೆಲ್ಲಗೆ ಹೇಳಿ ಹೋದರು. ಅವಳು ಭರಣಿಗಳ ಮುಂದೆ ನಿಂತಳು. ಗಾಜಿನಲ್ಲಿ ಅವಳ ಮುಖ ಮೊಲದ ಮರಿಯ ಮೇಲೆ ಬಿದ್ದಿತ್ತು. ನಿಜ ಹೇಳಿದ್ದಳು, ಹೇಳಿದ ನಿಜವನ್ನು ಅವರು ಹಾರ ಮಾಡಿ ಅವಳ ಕೊರಳಿಗೇ ಹಾಕಿ ಕಳಿಸಿದ್ದರು. ಇದಕ್ಕಿಂತ ಬೈಸಿಕೊಂಡಿದ್ದರೆ ಹಗುರವಿತ್ತು. ಆದರೆ ಅವಳನ್ನು ಕೊರೆದದ್ದು ಅದೂ ಅಲ್ಲ. ತಪ್ಪಾಗಿದೆ ಅಂದಮೇಲೆ ಅದು ನಿಮ್ಮ ಕೈ ಅಲ್ಲ ಎಂದು ಅವರು ಅಂದಾಗ, ಆ ಹುಡುಗಿ ಹಾಲಿನ ಕಲೆ ಹೊತ್ತು ಎದುರಿಗೇ ನಿಂತಿದ್ದಾಗ, ಎದೆಯ ಯಾವುದೋ ಮೂಲೆಯಲ್ಲಿ ಅವಳಿಗೆ ಖುಷಿಯಾಗಿತ್ತು. ಬೆಕ್ಕು ಬಿಸಿಲಿಗೆ ಮೈ ಚಾಚಿದ ಹಾಗೆ ಏನೋ ಒಂದು ಒಳಗೆ ಮೈ ಚಾಚಿತ್ತು. ಪೊರೆಯ ಮಾತನ್ನು ಅವರು ನಗುವಿನಲ್ಲಿ ತೇಲಿಸಿದಾಗ ಮತ್ತೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ.

ಕಾರಿಡಾರಿನ ಕೊನೆಯಲ್ಲಿ ಕೈ ತೊಳೆಯುವ ತೊಟ್ಟಿಯ ಹತ್ತಿರ ಹುಡುಗಿ ಹೆಗಲಿನ ಕಲೆಯನ್ನು ಒದ್ದೆ ಬೆರಳಿನಿಂದ ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಅಗಲವಾಗುತ್ತಿತ್ತು.

"ಯಾಕೆ ಇಲ್ಲ ಅಂದೆ?"

"ಇನ್ನೇನು ಹೇಳ್ಲಿ ಮೇಡಂ? ಹೂಂ ಅಂದ್ರೂ ಅವರು ನಂಬ್ತಿರ್ಲಿಲ್ಲ. ಮೇಡಂ ಸೆರಗಲ್ಲಿ ಬಚ್ಚಿಟ್ಟುಕೊಂಡ್ಲು ಅಂತಿದ್ರು. ನಂಬಿದ್ರೂ ನಿಮ್ಮ ಹೆಸರು ಹೋಗೋದು. ಒಬ್ಬರದ್ದೇ ಹೋಗ್ಲಿ ಬಿಡಿ."

"ನಿಂಗೆ ಯಾವಾಗ ಗೊತ್ತಾಯ್ತು?"

ಹುಡುಗಿ ನಲ್ಲಿ ನಿಲ್ಲಿಸಿದಳು. "ಫೋನಲ್ಲಿ ಹೇಳ್ತಿದ್ರಲ್ಲ, ಆಗಲೇ ಸ್ವಲ್ಪ ಅನ್ನಿಸ್ತು. ನಾನು ಕೆಲಸಕ್ಕೆ ವಾಪಸ್ ಬಂದ ದಿನ ನೀವು, ಆ ಕಂದು ಕೊಡೆ ನಿಂದಾ ಅಂತ ಕೇಳಿದ್ರಿ. ನನ್ನ ಕೊಡೆ ಕೆಂಪು ಮೇಡಂ. ಬೆಂಕಿಯಂಥ ಕೆಂಪು."

"ಹೇಳ್ಬಾರ್ದಿತ್ತಾ?"

"ನಿಮಗಾ? ನಿಮ್ಮ ಕಣ್ಣಿನ ವಿಷಯ?" ಹುಡುಗಿ ನಕ್ಕಳು, ತುಂಬ ಅಕ್ಕರೆಯಿಂದ. ಆಮೇಲೆ ದನಿ ತಗ್ಗಿಸಿ, "ನಾಳೆ ಆಟಕ್ಕೆ ಹೆದರ್ಬೇಡಿ. ಶೀಷೆ ನಾನೇ ಸಿದ್ಧ ಮಾಡಿಟ್ಟಿದೀನಿ, ಮೇಲಿನ ಅರೆಯಲ್ಲಿ ಮೊದಲ್ನೇದು. ಕೆಂಪು ಕಣ್ಣಿನವು ಪೂರ್ತಿ ಗಂಡು, ಕಂದು ಕಣ್ಣಿನವು ಪೂರ್ತಿ ಹೆಣ್ಣು. ನೀವು ಕಣ್ಣು ನೋಡ್ಲೇಬೇಡಿ, ಹಿಂದುಗಡೆ ನೋಡಿ ಸಾಕು. ಗಂಡಿನ ತುದಿ ಕರ್ರಗೆ ದುಂಡಗೆ, ಕುರುಡಿಗೂ ಕಾಣ್ಸುತ್ತೆ," ಎಂದಳು. ಕುರುಡಿ ಎಂದದ್ದಕ್ಕೆ ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಮಗು ಹಾಲಿಗೆ ಅಳ್ತಿರುತ್ತೆ ಮೇಡಂ, ಬರ್ಲಾ?"

"ಹೋಗಿ ಬಾ," ಎಂದಳು.

ಹುಡುಗಿ ಕೆಂಪು ಕೊಡೆ ಬಿಚ್ಚಿಕೊಂಡು ಬಿಸಿಲಿಗೆ ಇಳಿದಳು. ಕೆಂಪು ಎಂದು ಈಗ ಗೊತ್ತಿತ್ತು, ಆದ್ದರಿಂದ ಕೆಂಪಾಗಿಯೇ ಕಂಡಿತು. ಅದು ಅಂಗಳ ದಾಟಿ ಗೇಟಿನ ಹತ್ತಿರ ತಿರುಗುವವರೆಗೂ ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ತನ್ನ ಕೈಯಿಂದ ಹಾಳಾದವಳು ತನ್ನನ್ನು ಕಾಪಾಡಲು ಕೂತು, ನೊಣಗಳ ಗಂಡು ಹೆಣ್ಣು ಆರಿಸಿ, ಬಣ್ಣ ಹೊಂದಿಸಿ ಇಟ್ಟಿದ್ದಾಳೆ. ಯಾವ ಹೊತ್ತಿನಲ್ಲಿ ಮಾಡಿದಳೋ, ಮಗುವನ್ನು ಯಾರ ಕೈಗೆ ಕೊಟ್ಟು ಬಂದಿದ್ದಳೋ.

ನೊಣಗಳ ಕೋಣೆಯಲ್ಲಿ ಎಂದಿನ ಹುಳಿವಾಸನೆ, ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಬೆಂದು ತಣಿದ ವಾಸನೆ. ಮದುವೆಯಾದ ಹೊಸದರಲ್ಲಿ ಗಂಡ ಅವಳ ಕೂದಲು ಮೂಸಿ, "ನನ್ನ ಸವತೀರು ಎಷ್ಟು ಸಾವಿರ ಇದಾರೆ ಅಲ್ಲಿ?" ಎಂದು ಕೇಳಿದ್ದ. ಅವಳು ಇಲ್ಲಿಗೆ ಬಂದಾಗ ವಿಭಾಗದಲ್ಲಿ ಪಾಠ ಮಾಡುವ ಹೆಂಗಸು ಅವಳೊಬ್ಬಳೇ. ಕಣ್ಣಿನ ಆಟ ಆಗಿನ್ನೂ ಪದ್ಧತಿಯಾಗಿರಲಿಲ್ಲ, ಗೇಲಿಯಾಗಿತ್ತು. ಗಂಡಸರೆಲ್ಲ ಸೇರಿ, ಎರಡು ಬಣ್ಣ ಬೆರೆಸಿದ್ದೇವೆ ಎಂದು ಹೇಳಿ ಬರೀ ಕೆಂಪು ಕಣ್ಣಿನ ನೊಣಗಳನ್ನು ಕೊಟ್ಟು ಸುತ್ತ ನಿಂತಿದ್ದರು. ಕಪ್ಪೆ ಮೇಷ್ಟ್ರೂ ಇದ್ದರು, ಆಗ ತಲೆ ತುಂಬ ಕೂದಲು. ಅವಳು ಒಂದೊಂದನ್ನೇ ಎಡಕ್ಕೆ ಸರಿಸುತ್ತ ಹೋಗಿ, ಕೊನೆಯದನ್ನೂ ಎಡಕ್ಕೇ ಸರಿಸಿ, ಕುಂಚ ಕೆಳಗಿಟ್ಟು, "ಕಂದು ಹಾಕೋದು ಮರೆತಿದೀರಿ," ಎಂದಿದ್ದಳು. ಒಬ್ಬರು ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ. ಅಂದಿನಿಂದ ಅವರು ಅವಳ ಎದುರು ಸ್ವಲ್ಪ ಸರಿದು ದಾರಿ ಬಿಡತೊಡಗಿದರು. ಮಾತಿಗಿರಲಿ, ಓದಿಗಿರಲಿ ಯಾವತ್ತೂ ಬಿಡದಿದ್ದ ದಾರಿ. ಆ ಎರಡು ಕಣ್ಣುಗಳ ಮೇಲೆಯೇ ಅವಳು ಇಷ್ಟು ವರ್ಷ ಇಲ್ಲಿ ಕಾಲೂರಿ ನಿಂತದ್ದು. ಅವನ್ನು ಕಳೆದುಕೊಂಡವಳನ್ನು ಇವರು ಏನೆಂದು ಕರೆದಾರು? ಹೊಸ ಹೆಸರು ಹುಟ್ಟಲು ಒಂದು ಮಧ್ಯಾಹ್ನ ಸಾಕು. ಬಾಣಂತಿ ಎಂದು ಹೆಸರಿಟ್ಟವರಿಗೆ ಕುರುಡಿ ಎನ್ನುವುದು ಕಷ್ಟವೇ?

ಚೀಲದಲ್ಲಿ ಫೋನು ಕುಣಿಯಿತು. ಗಂಡ. "ಲೇ, ಕಣ್ಣಿನ ಡಾಕ್ಟರ್ ಫೋನ್ ಮಾಡಿದ್ರು. ನಾಳೆ ಬೆಳಿಗ್ಗೆ ಆಪರೇಷನ್ನಿಗೆ ಯಾರೋ ಬರಲ್ಲ ಅಂದ್ರಂತೆ, ಆ ಜಾಗ ನಿನಗೆ ಕೊಡ್ತಾರಂತೆ. ಮೊದಲು ಬಲಗಣ್ಣು. ಮುಗಿದೇ ಹೋಗುತ್ತೆ ನೋಡು."

ಆ ಕಡೆಯಿಂದ ಅಕ್ಕನ ದನಿ ಕೇಳಿಸಿತು: "ಹೂಂ ಅನ್ನು ಅಂತ ಹೇಳಿ. ಇಲ್ದಿದ್ರೆ ಇನ್ನೊಂದು ಪರದೆ ಹಾಳು ಮಾಡ್ತಾಳೆ."

ನಾಳೆ ಬೆಳಿಗ್ಗೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿದರೆ ಆಟವೇ ಇಲ್ಲ. ಯಾರೂ ತಪ್ಪೆನ್ನುವುದಿಲ್ಲ, ಕಪ್ಪೆ ಮೇಷ್ಟ್ರು ಹಣ್ಣು ತೆಗೆದುಕೊಂಡು ನೋಡಲು ಬರುತ್ತಾರೆ. ಕೆಲವು ದಿನಗಳಲ್ಲಿ ಟೈಲು ಮತ್ತೆ ಬಿಳಿಯಾಗುತ್ತದೆ, ಕೈ ಮತ್ತೆ ತನ್ನ ಪಾಡಿಗೆ ತಾನು ಓಡುತ್ತದೆ, ಅವಳು ಎಂದಾದರೂ ಕೆಂಪು ಕಾಣದೆ ಇದ್ದಳು ಎಂಬುದಕ್ಕೆ ಲೋಕದಲ್ಲಿ ಸಾಕ್ಷಿಯೇ ಉಳಿಯುವುದಿಲ್ಲ. ವರದಿ ನಾಳೆ ಸಂಜೆ. ಹುಡುಗಿ ಆ ವೇಳೆಗೆ ಮಗುವಿನ ಬಟ್ಟೆ ಮಡಿಸುತ್ತಿರುತ್ತಾಳೆ.

"ಏನೇ, ಇದೀಯಾ?"

"ಇದೀನ್ರೀ. ನಾಳೆ ಬೇಡ. ಮುಂದಿನ ವಾರ ನೋಡೋಣ."

"ಯಾಕೆ? ನಾಳೆ ಏನಿದೆ?"

"ಕೆಲಸ ಇದೆ," ಎಂದಳು. "ಊಟ ಮಾಡಿ ನೀವು. ಅಕ್ಕನಿಗೆ ಮಾತ್ರೆ ನೆನಪು ಮಾಡಿ."

ಫೋನನ್ನು ಚೀಲಕ್ಕೆ ಹಾಕಿ ಎದ್ದು ಮೇಲಿನ ಅರೆಯಿಂದ ಮೊದಲ ಶೀಷೆ ತೆಗೆದಳು. ಹುಡುಗಿ ಅದಕ್ಕೆ ಹೊಸ ಹತ್ತಿಯ ಬಿರಡೆ ಹಾಕಿದ್ದಳು, ಬಿಗಿಯಾಗಿ, ಅವಳೇ ಕಲಿಸಿಕೊಟ್ಟ ಹಾಗೆ. ಒಳಗೆ ನೊಣಗಳು ಗಾಜನ್ನು ಹತ್ತುತ್ತಿದ್ದವು. ಬೆಳಕಿಗೆ ಹಿಡಿದಾಗ ಗಂಡುಗಳ ಕಪ್ಪು ತುದಿ ನಿಜವಾಗಿಯೂ ಸ್ಪಷ್ಟವಾಗಿ ಕಂಡಿತು. ಕಣ್ಣುಗಳು ಮಾತ್ರ ಎಲ್ಲ ಒಂದೇ. ಕೆಳಗಿನ ಅರೆಯಿಂದ ಚೀಟಿ ನೋಡಿ ಇನ್ನೆರಡು ಶೀಷೆ ತೆಗೆದಳು, ಒಂದು ಬರೀ ಕೆಂಪಿನದು, ಒಂದು ಬರೀ ಕಂದಿನದು. ಎರಡರಲ್ಲೂ ಗಂಡು ಹೆಣ್ಣು ಕೂಡಿಯೇ ಇದ್ದವು. ಹುಡುಗಿಯ ಶೀಷೆಯನ್ನು ಅಂಗೈಗೆ ಮೆತ್ತಗೆ ಕುಟ್ಟಿದಳು. ನೊಣಗಳು ತಳಕ್ಕೆ ಬಿದ್ದವು. ಬಿರಡೆ ಕಿತ್ತು, ಕೆಂಪಿನದನ್ನು ಅದರ ಬಾಯಿಗೆ ಬಾಯಿ ಸೇರಿಸಿ ಮಗುಚಿ ತಟ್ಟಿದಳು, ಆಮೇಲೆ ಕಂದಿನದನ್ನು. ಬಿರಡೆ ಒತ್ತಿದಳು. ಎರಡು ಮೂರು ನೊಣ ತಪ್ಪಿಸಿಕೊಂಡು ದೀಪದ ಕಡೆ ಹಾರಿದವು. ಹೇಳಿದ್ದನ್ನು ನಂಬದವರು ಕಂಡದ್ದನ್ನಾದರೂ ನಂಬಿಯಾರು, ಅದೂ ದೊಡ್ಡ ಪರದೆಯ ಮೇಲೆ. ನಂಬುತ್ತಾರೆಂದು ಧೈರ್ಯವಿರಲಿಲ್ಲ. ಮೇಡಂ ಹುಡುಗಿಗಾಗಿ ಬೇಕೆಂದೇ ಸೋತರು ಎಂದು ಅದಕ್ಕೂ ಒಂದು ಹಾರ ಕಟ್ಟಬಲ್ಲ ಜನ. ಅವಳ ಕೈಲಿದ್ದದ್ದು ಇಷ್ಟೇ: ಕಂಡ ಹಾಗೆ ಬೇರ್ಪಡಿಸುವುದು, ಒಂದು ನೊಣವನ್ನೂ ಬೇಕೆಂದು ತಪ್ಪಿಸದೆ, ಒಂದರ ಬಾಲವನ್ನೂ ನೋಡದೆ.

ಮುಖ್ಯಸ್ಥರು ಮನೆಗೆ ಹೊರಟವರು ಬಾಗಿಲಲ್ಲಿ ನಿಂತರು. "ಏನು ಮೇಡಂ, ಇನ್ನೂ ಇಲ್ಲೇ? ಆ ಹುಡುಗಿ ವಿಷಯ ತುಂಬ ಮನಸ್ಸಿಗೆ ಹಚ್ಕೋಬೇಡಿ. ನಾಳೆಗೆ ತಯಾರಿ ತಾನೇ?"

"ತಯಾರಿ ಸರ್," ಎಂದಳು.

ಅವರು ಹೋದ ಮೇಲೆ ಶೀಷೆಯನ್ನು ಮೇಲಿನ ಅರೆಯಲ್ಲಿ, ಮೊದಲಿದ್ದ ಜಾಗದಲ್ಲೇ, ಹುಡುಗಿ ಇಟ್ಟಿದ್ದ ಹಾಗೆಯೇ ಇಟ್ಟಳು.